ನಕಲು ಎಂದವರಿಗೆ

ಕಳೆದ ಮಾರ್ಚಿಯಲ್ಲಿ ದಾವಣಗೆರೆಯ ಒಂದು ಚಿತ್ರಸ್ಪರ್ಧೆಗೆ ತೀರ್ಪುಗಾರರ ಪೈಕಿ ನಾನೂ ಹೋಗಿದ್ದೆ. ಕನ್ನಡ ಮೇಷ್ಟರಿಗೆ ಅಲ್ಲೇನು ಕೆಲಸ ಎಂದು ಕೇಳಬೇಡಿ. ಮೂರನೆಯವರು ಬರಲಿಲ್ಲ, ನನ್ನನ್ನು ಕರೆದರು. ಹರಿಹರದ ಹುಡುಗಿಯೊಬ್ಬಳು ಮುತ್ತುಗದ ರೆಂಬೆ ಬರೆದಿದ್ದಳು. ಮೊಗ್ಗು, ಅರಳಿದ ಹೂವು, ಗಿಳಿಯ ಕೊಕ್ಕಿನಂತೆ ಬಾಗಿದ ಎಸಳು, ಅದನ್ನು ಸೀಳಿ ತೋರಿಸಿದ ಹತ್ತು ಕೇಸರಗಳು: ಒಂಬತ್ತು ಕೂಡಿಕೊಂಡವು, ಒಂದು ಬಿಡಿ. ಹಿರಿಯ ತೀರ್ಪುಗಾರರು ಹಾಳೆಯನ್ನು ಪಕ್ಕಕ್ಕೆ ಸರಿಸಿ, “ಇದು ಸೈನ್ಸ್ ರೆಕಾರ್ಡು, ಕಲೆಯಲ್ಲ; ಬರೀ ನಕಲು” ಎಂದರು. ಬಹುಮಾನ ಒಂದು ಸೂರ್ಯಾಸ್ತಕ್ಕೆ ಹೋಯಿತು. ಅಂಥ ಸೂರ್ಯಾಸ್ತವನ್ನು ನಾನು ನೂರು ಕ್ಯಾಲೆಂಡರುಗಳಲ್ಲಿ ನೋಡಿದ್ದೇನೆ. ಅದು ನಕಲಲ್ಲವಂತೆ!

ಆಗ ನಾನು ಬಾಯಿ ಬಿಡಲಿಲ್ಲ. ಅದಕ್ಕೇ ಈಗ ಬರೆಯುತ್ತಿದ್ದೇನೆ.

1846ರ ಸುಮಾರಿಗೆ ಶಿವಮೊಗ್ಗದಲ್ಲಿ ಹ್ಯೂ ಕ್ಲೆಘಾರ್ನ್ ಎಂಬ ಸ್ಕಾಟ್ಲೆಂಡಿನ ವೈದ್ಯನಿದ್ದ. ದಿನಕ್ಕೊಂದು ಗಿಡವನ್ನು ಅಭ್ಯಾಸ ಮಾಡುವ ವ್ರತ ಅವನದು. ಬರೆಯಲು ಒಬ್ಬ ಮರಾಠಿ ಚಿತ್ರಕಾರನನ್ನು ಇಟ್ಟುಕೊಂಡಿದ್ದ. ಆ ಚಿತ್ರಗಳು ಇಂದು ಎಡಿನ್‌ಬರೋದ ಸಸ್ಯೋದ್ಯಾನದಲ್ಲಿವೆ. ತುಂಗೆ ಕೂಡ್ಲಿಯಲ್ಲಿ ಭದ್ರೆಯನ್ನು ಕೂಡಿ ನಮ್ಮ ಹರಿಹರಕ್ಕೆ ಬರುತ್ತಾಳೆ. ಅವಳ ಸೀಮೆಯ ಗಿಡಗಳ ಚಿತ್ರ ನೋಡಲು ನಾವು ಕಡಲು ದಾಟಬೇಕು. ಹೋಗಲಿ, ಚಿತ್ರಕಾರನ ಹೆಸರೇನು? ಯಾರೂ ಬರೆದಿಡಲಿಲ್ಲ. ಮದರಾಸಿನ ಕಡೆ ರಾಬರ್ಟ್ ವೈಟ್‌ನಿಗೆ ಚಿತ್ರ ಬರೆದುಕೊಟ್ಟ ರಂಗಯ್ಯ, ಗೋವಿಂದುಗಳ ಹೆಸರಾದರೂ ಉಳಿಯಿತು. ಒಂದು ಆರ್ಕಿಡ್ ಕುಲಕ್ಕೆ ವೈಟ್ ‘ಗೋವಿಂದೂವಿಯ’ ಎಂದೇ ಹೆಸರಿಟ್ಟ. ಲಾಲ್‌ಬಾಗಿನ ಗಿಡಗಳನ್ನು ಬರೆದ ಚೆಲುವಯ್ಯ ರಾಜುವಿನ ಹೆಸರನ್ನು ನಮ್ಮಲ್ಲಿ ಎಷ್ಟು ಮಂದಿ ಕೇಳಿದ್ದೇವೆ? ‘ನಕಲು’ ಎಂಬ ಒಂದು ಮಾತು ಇಂಥವರನ್ನೆಲ್ಲ ಕೂಲಿಯ ಲೆಕ್ಕಕ್ಕೆ ಸೇರಿಸಿಬಿಟ್ಟಿತು.

ಕ್ಯಾಮೆರಾ ಇರುವಾಗ ಇದೆಲ್ಲ ಏಕೆ ಎನ್ನುವವರೂ ಇದ್ದಾರೆ. ಮುತ್ತುಗ ಹೂ ಬಿಡುವಾಗ ಮರದಲ್ಲಿ ಎಲೆ ಇರುವುದೇ ಕಡಿಮೆ. ಹೂವು, ಮೂರೆಲೆಯ ಕವಲು, ಕಾಯಿ ಇವನ್ನು ಒಂದೇ ಹಾಳೆಗೆ ತರಬೇಕಾದರೆ ತಿಂಗಳುಗಟ್ಟಲೆ ಕಾಯಬೇಕು. ಹುಳು ತಿಂದ ಎಲೆಯನ್ನು ಬಿಡಬೇಕೆ, ಯಾವ ನರವನ್ನು ಎತ್ತಿ ತೋರಿಸಬೇಕು, ಎಲ್ಲಿ ನೆರಳು ಬೇಡ, ಇದನ್ನೆಲ್ಲ ಕೈ ನಿರ್ಧರಿಸಬೇಕು. ಈ ವಿವೇಚನೆ ಕಲೆಯಲ್ಲವಾದರೆ ಮತ್ತಾವುದು ಕಲೆ, ಸ್ವಾಮಿ?

ನನ್ನ ಪಂಗಡದ ತಪ್ಪೂ ಇದೆ. ಇಪ್ಪತ್ತು ವರ್ಷದಿಂದ ನಾಯಿಕೆಯ ಮೂಗಿಗೂ ಸಂಪಿಗೆಗೂ ಸಾಮ್ಯ ಹೇಳುತ್ತ ಬಂದಿದ್ದೇನೆ. ಸಂಪಿಗೆಗೆ ಎಸಳೆಷ್ಟು ಸಾರ್ ಎಂದು ಹುಡುಗನೊಬ್ಬ ಕೇಳಿದಾಗ ತೊದಲಿದೆ. ಕವಿಸಮಯ ಸಾಕು, ಹೂವನ್ನು ನೋಡುವುದು ಬೇಡ ಎಂದು ಕಲಿಸಿದವರು ನಾವೇ. 1964ರಿಂದ ಚಿತ್ರಕಲೆಯ ಕಾಲೇಜಿರುವ ಊರು ಇದು. ಸಸ್ಯಶಾಸ್ತ್ರದ ಮೇಷ್ಟರುಗಳಿಗೂ ಕೊರತೆಯಿಲ್ಲ. ಇಬ್ಬರನ್ನೂ ಒಂದು ಭಾನುವಾರ ಕೊಂಡಜ್ಜಿಯ ಗುಡ್ಡಕ್ಕೆ ಕರೆದೊಯ್ಯಲು ಯಾರ ಅಪ್ಪಣೆ ಬೇಕು?

ಸ್ಪರ್ಧೆ ಮುಗಿದ ಮೇಲೆ ಆ ಹುಡುಗಿ ಹಾಳೆ ಸುತ್ತಿಕೊಳ್ಳುತ್ತಿದ್ದಳು. ಕೆಳಗಿನ ಮೂಲೆ ಖಾಲಿ ಬಿಟ್ಟಿದ್ದಳು. ಅದಕ್ಕೂ ಒಂದು ಅಂಕ ಕಳೆದಿದ್ದರು. “ಇಲ್ಲೇಕಮ್ಮ ಖಾಲಿ?” ಎಂದೆ.

“ಕಾಯಿಗೆ ಅಂತ ಬಿಟ್ಟಿದ್ದೀನಿ ಸಾರ್. ಇನ್ನೂ ಬಲಿತಿಲ್ಲ” ಎಂದಳು.