ಕೇಳದೆ ಚಾವಡಿಗೆ ಬಂದವರು

ಕಳೆದ ಮಳೆಗಾಲದ ಒಂದು ಮಧ್ಯಾಹ್ನ. ತ್ರಾಸಿಯ ಕಡಲು ಮೊರೆಯುತ್ತಿತ್ತು, ಹೊರಗೆ ಕಾಲಿಡುವಂತಿರಲಿಲ್ಲ. ಕಂಪ್ಯೂಟರಿನ ಮುಂದೆ ಕುಳಿತು ಹಳೆಯ ಯಕ್ಷಗಾನ ಪ್ರಸಂಗವೊಂದನ್ನು ಅಂತರಜಾಲದಲ್ಲಿ ಹುಡುಕುತ್ತಿದ್ದೆ. ಯಾವುದೋ ಪುಟದಲ್ಲಿ ‘ಡೌನ್‌ಲೋಡ್’ ಎಂಬ ಹಸಿರು ಗುಂಡಿ ಕಂಡಿತು, ಒತ್ತಿದೆ. ಅದು ಒತ್ತುವ ಗುಂಡಿಯಲ್ಲ, ಬೀಳುವ ಗುಂಡಿ ಎಂಬುದು ಆಮೇಲೆ ತಿಳಿಯಿತು.

ಪರದೆಯ ತುಂಬ ಕೆಂಪು ಎಚ್ಚರಿಕೆ, ಜೊತೆಗೆ ಸೈರನ್ನಿನ ಸದ್ದು. ‘ನಿಮ್ಮ ಕಂಪ್ಯೂಟರಿಗೆ ವೈರಸ್ ತಗಲಿದೆ, ಆರಿಸಬೇಡಿ, ಈ ಸಂಖ್ಯೆಗೆ ಕರೆ ಮಾಡಿ’ ಎಂಬ ಆಜ್ಞೆ. ನಾನು ಕರೆ ಮಾಡಿಯೇಬಿಟ್ಟೆ! ಆ ಕಡೆಯ ವ್ಯಕ್ತಿ ಬಹಳ ವಿನಯದಿಂದ, ದೂರದಲ್ಲೇ ಕುಳಿತು ನನ್ನ ಕಂಪ್ಯೂಟರನ್ನು ನಡೆಸಬಲ್ಲ ತಂತ್ರಾಂಶವೊಂದನ್ನು ಹಾಕಿಕೊಳ್ಳಲು ಹೇಳತೊಡಗಿದ. ನನ್ನ ಪಿಂಚಣಿಯ ಖಾತೆಯನ್ನು ನಾನು ನೋಡುವುದು ಇದೇ ಯಂತ್ರದಲ್ಲಿ. ಅಷ್ಟರಲ್ಲಿ ನಮ್ಮ ಮನೆಯವರು ಗಾಬರಿಯಿಂದ, ಕುಂದಾಪುರದಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ನನ್ನ ಹಳೆಯ ವಿದ್ಯಾರ್ಥಿಗೆ ತಮ್ಮ ಮೊಬೈಲಿನಿಂದ ಫೋನ್ ಮಾಡಿದ್ದರು. “ಮಾಷ್ಟ್ರೇ, ಮೊದ್ಲು ಆ ಫೋನ್ ಇಡಿ” ಎಂದ ಅವನು. ಇಟ್ಟೆ. ಹಣ ಉಳಿಯಿತು.

ಪ್ರಶ್ನೆಯನ್ನು ಎರಡು ಸಲ ಓದಿ ಉತ್ತರಿಸಿ ಎಂದು ಸೇವಾವಧಿಯುದ್ದಕ್ಕೂ ಹೇಳಿದವನು, ಒಂದು ಸಲವೂ ಸರಿಯಾಗಿ ಓದದೆ ಮೋಸಗಾರನಿಗೆ ಕರೆ ಮಾಡಿದ್ದೆ. ನಾಚಿಕೆಯಿಂದ ಇದನ್ನು ಮಕ್ಕಳಿಗೂ ಹೇಳಿರಲಿಲ್ಲ. ಆದರೆ ಇಂಥ ಮೋಸಕ್ಕೆ ನಮ್ಮ ನಾಚಿಕೆಯೇ ನೆರಳು ನೀಡುತ್ತದೆಯೆಂದು ತೋರಿ ಈಗ ಬರೆಯುತ್ತಿದ್ದೇನೆ.

ಜಾಹೀರಾತಿಗೆ ನಾನು ವಿರೋಧಿಯಲ್ಲ. ಮೇಳದ ಆಟದ ಪ್ರಚಾರಕ್ಕೆ ಧ್ವನಿವರ್ಧಕ ಕಟ್ಟಿಕೊಂಡ ಜೀಪು ಊರಿಗೆ ಬಂದರೆ ಅದರ ಹಿಂದೆ ಓಡಿದವರು ನಾವು. ಆದರೆ ಆ ಜೀಪು ರಸ್ತೆಯಲ್ಲೇ ಸಾಗುತ್ತಿತ್ತು, ಚಾವಡಿಗೆ ನುಗ್ಗುತ್ತಿರಲಿಲ್ಲ. 1990ರ ದಶಕದಲ್ಲಿ ಪಾಪ್-ಅಪ್ ಜಾಹೀರಾತಿನ ಸಂಕೇತವನ್ನು ಬರೆದ ಅಮೆರಿಕದ ಈಥನ್ ಝುಕರ್‌ಮನ್ ಅವರೇ 2014ರಲ್ಲಿ ಅದಕ್ಕಾಗಿ ಬಹಿರಂಗವಾಗಿ ಕ್ಷಮೆ ಕೇಳಿದರು. ನಮ್ಮಲ್ಲೂ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2023ರ ನವೆಂಬರಿನಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ಇಂಥ 13 ವಂಚನೆಯ ವಿಧಾನಗಳನ್ನು ಪಟ್ಟಿ ಮಾಡಿದೆ. ವೇಷ ಮರೆಸಿದ ಜಾಹೀರಾತು, ಸುಳ್ಳು ವೈರಸ್ ಎಚ್ಚರಿಕೆ ಎರಡೂ ಅದರಲ್ಲಿವೆ.

ಜಾಹೀರಾತು ತಡೆದರೆ ಪತ್ರಿಕೆಗಳು ಬದುಕುವುದು ಹೇಗೆ ಎಂದು ನನ್ನ ಅಳಿಯ ಕೇಳಿದರು. ನ್ಯಾಯವಾದ ಪ್ರಶ್ನೆ. ನಾನು ನೆಚ್ಚಿ ಓದುವ ಪತ್ರಿಕೆಗೆ ಚಂದಾ ಕಟ್ಟಿದ್ದೇನೆ. ಮರ್ಯಾದೆಯಿಂದ ಜಾಹೀರಾತು ಹಾಕುವ ತಾಣಗಳಿಗೆ ತಡೆಯಿಂದ ವಿನಾಯಿತಿ ಕೊಟ್ಟಿದ್ದೇನೆ. ಬೇಲಿ ಹಾಕಿದ ಮನೆಗೂ ತಡಮೆ ಇರುತ್ತದಲ್ಲ! ಆದರೆ ಅದನ್ನು ಯಾರಿಗೆ ತೆರೆಯಬೇಕೆಂದು ನಿರ್ಧರಿಸುವ ಹಕ್ಕು ಮನೆಯವನದು.

ಆ ಹುಡುಗ ಮರುದಿನ ಬಂದು ಮಾಡಿದ್ದು ಇಷ್ಟೇ. ಫೈರ್‌ಫಾಕ್ಸ್ ಬ್ರೌಸರಿಗೆ ‘ಯೂಬ್ಲಾಕ್ ಆರಿಜಿನ್’ ಎಂಬ ಉಚಿತ ತಡೆಯನ್ನು ಸೇರಿಸಿದ. ಸೆಟ್ಟಿಂಗಿನಲ್ಲಿ ಪಾಪ್-ಅಪ್ ತಡೆಯುವ ಆಯ್ಕೆ ಜಾರಿಯಲ್ಲಿದೆಯೇ ಎಂದು ನೋಡಿದ. ‘ನೋಟಿಫಿಕೇಶನ್ ಕಳಿಸಲೇ?’ ಎಂದು ಕೇಳಿದ ತಾಣಗಳಿಗೆಲ್ಲ ನಾನು ದಾಕ್ಷಿಣ್ಯದಿಂದ ಒಪ್ಪಿಗೆ ಕೊಟ್ಟಿದ್ದೆ. ಆ ಅನುಮತಿಗಳನ್ನು ಒಂದೊಂದಾಗಿ ರದ್ದುಗೊಳಿಸಿದ. ಕೆಂಪು ಪರದೆ ಮತ್ತೆ ಬಂದರೆ ಎಸ್ಕೇಪ್ ಕೀಲಿಯನ್ನು ಒತ್ತಿ ಹಿಡಿಯಬೇಕು, ಹೋಗದಿದ್ದರೆ ಯಂತ್ರವನ್ನೇ ಆರಿಸಬೇಕು ಎಂದ. ಮೈಕ್ರೋಸಾಫ್ಟಿನ ನಿಜವಾದ ಎಚ್ಚರಿಕೆಯಲ್ಲಿ ದೂರವಾಣಿ ಸಂಖ್ಯೆ ಎಂದೂ ಇರುವುದಿಲ್ಲವಂತೆ. ಹಣ ಹೋಗಿಯೇಬಿಟ್ಟಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕು.

ಇಪ್ಪತ್ತು ನಿಮಿಷದ ಕೆಲಸ. ಪ್ರಿಯ ವಿದ್ಯಾರ್ಥಿಗಳೇ, ನಿಮ್ಮಲ್ಲಿ ಹಲವರು ಬೆಂಗಳೂರಿನಲ್ಲಿ, ಕೊಲ್ಲಿಯ ನಾಡುಗಳಲ್ಲಿ ಇದ್ದೀರಿ. ಕಂಪ್ಯೂಟರನ್ನು ಅಪ್ಪ ಅಮ್ಮನಿಗೆ ಕೊಡಿಸಿ ಹೋಗಿದ್ದೀರಿ. ಮುಂದಿನ ಹಬ್ಬಕ್ಕೆ ಊರಿಗೆ ಬಂದಾಗ ಆ ಇಪ್ಪತ್ತು ನಿಮಿಷ ಅದರ ಮುಂದೆ ಕುಳಿತುಕೊಳ್ಳಿ. ಅವರು ತಾವಾಗಿ ಕೇಳುವುದಿಲ್ಲ. ನಾನೂ ಕೇಳಿರಲಿಲ್ಲ.