ಬಾವಿಗೆ ಬ್ಲೀಚಿಂಗ್ ಸುರಿದ್ರೆ ಉಪ್ಪು ಹೋಗ್ತದಾ?

ಮೊನ್ನೆ ನಮ್ಮ ಕೇರಿಯಲ್ಲಿ ಮನೆಗೆ ಐನೂರರಂತೆ ದುಡ್ಡು ಒಟ್ಟು ಮಾಡ್ಲಿಕ್ಕೆ ಶುರು ಮಾಡಿದ್ದಾರೆ. ಎಂತಕ್ಕೆ ಅಂದ್ರೆ, ಬಾವಿ ನೀರು ಕೊಳೆತ ಮೊಟ್ಟೆ ನಾತ ಬರ್ತದೆ, ಗೋಡೆಗೆ ಕೆಂಪು ಲೋಳೆ ಹಿಡಿದಿದೆ, ಬ್ಯಾಕ್ಟೀರಿಯಾ ಕೊಲ್ಲುವ ಒಂದು ಕ್ಯಾನ್ ಬಂದಿದೆಯಂತೆ, ಎಲ್ಲ ಬಾವಿಗೂ ಸುರಿಯೋಣ ಅಂತ. ನಾನು ಕೊಡ್ಲಿಲ್ಲ. ಜಿಪುಣ ಅಂತ ಬೆನ್ನ ಹಿಂದೆ ಮಾತಾಡಿದ್ದು ಕಿವಿಗೆ ಬಿತ್ತು. ಹಾಗಾಗಿ ಕಾರಣ ಇಲ್ಲೇ ಬರೀತೇನೆ, ಸ್ವಲ್ಪ ಉದ್ದ ಆಗ್ತದೆ.

ಮೊದಲು ನನ್ನದೇ ದಡ್ಡತನ ಹೇಳ್ತೇನೆ. ಮೂರು ವರ್ಷದ ಹಿಂದೆ ನೀರುಳ್ಳಿಗೆ ಅಂತ ಹಳೇ ಪಂಪು ತೆಗೆದು ಎರಡು ಎಚ್‌ಪಿ ಕೂರಿಸಿದೆ. ದಿನಕ್ಕೆ ಮೂರು ತಾಸು ಒಂದೇ ಸಮ ಹೊಡೀತಿದ್ದೆ. ಫೆಬ್ರುವರಿ ಅರ್ಧ ಆಗುವಾಗ ನಾತ ಶುರು. ಬ್ಲೀಚಿಂಗ್ ಪೌಡರ್ ತಂದು ಸುರಿದೆ. ಎಂಟು ದಿನ ನಾತ ಇಲ್ಲ. ಗೆದ್ದೆ ಅಂತ ಮತ್ತೆ ಪಂಪು ಬಿಟ್ಟೆ. ತಿಂಗಳ ಕೊನೆಗೆ ನೀರುಳ್ಳಿ ಎಲೆಯ ತುದಿ ಸುಟ್ಟ ಹಾಗೆ ಆಯ್ತು, ಗಡ್ಡೆ ಅಡಿಕೆಯಷ್ಟಕ್ಕೇ ನಿಂತಿತು. ಆಮೇಲೆ ಟಿಡಿಎಸ್ ಮೀಟರು ತಂದು ಅದ್ದಿ ನೋಡಿದ್ರೆ 1,900. ಕುಡಿಯುವ ನೀರಿಗೇ 500ರ ಒಳಗೆ ಇರಬೇಕು, ಬೇರೆ ನೀರು ಇಲ್ಲದಿದ್ರೆ 2,000ದವರೆಗೆ ಅಂತ ಸರಕಾರದ ಮಾನಕ. ನೀರುಳ್ಳಿಯಂಥ ಉಪ್ಪು ತಡೆಯದ ಬೆಳೆ ಅಷ್ಟರಲ್ಲಿ ಎಲ್ಲಿ ಉಳೀತದೆ? ತೆಂಗು ಏನೋ ಸುಮ್ಮನೆ ನಿಂತಿತ್ತು.

ಅಂದ್ರೆ ನಾತ ನನಗೆ ಎರಡು ವಾರ ಮೊದಲೇ ಹೇಳಿತ್ತು. ನಾನು ಅದರ ಬಾಯಿ ಮುಚ್ಚಿಸಿದೆ.

ಆ ನಾತ ಎಲ್ಲಿಂದ ಬರ್ತದೆ ನೋಡಿ. ಸಮುದ್ರದ ಒಂದು ಲೀಟರ್ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪು. ಅದರಲ್ಲಿ ಎರಡೂವರೆ ಗ್ರಾಂಗಿಂತ ಜಾಸ್ತಿ ಸಲ್ಫೇಟ್. ಮಳೆಯಿಂದ ಇಂಗಿದ ಸಿಹಿನೀರಿನಲ್ಲಿ ಇದು ತೀರಾ ಕಮ್ಮಿ. ನೆಲದಡಿಯ ಗಾಳಿ ಇಲ್ಲದ ಜಾಗದಲ್ಲಿ ಕೆಲವು ಜಾತಿ ಬ್ಯಾಕ್ಟೀರಿಯಾ, ನಾವು ಗಾಳಿ ಎಳೆದ ಹಾಗೆ, ಈ ಸಲ್ಫೇಟನ್ನೇ ಎಳೆದು ಕೊಳೆತ ಎಲೆ ಬೇರು ತಿಂತವೆ. ಹೊರಗೆ ಬಿಡುವುದು ಹೈಡ್ರೋಜನ್ ಸಲ್ಫೈಡ್, ಅದೇ ಮೊಟ್ಟೆ ನಾತ. ಇದು ಹೊಸತೇನಲ್ಲ. ಗಜನಿಯಲ್ಲಿ ಕಾಲಿಟ್ಟ ಯಾರಿಗೂ ಗೊತ್ತು, ಕೆಸರು ಮಗುಚಿದ್ರೆ ಕಪ್ಪು ಬಣ್ಣ, ಅದೇ ವಾಸನೆ. ಆ ಗಜನಿಯ ವಾಸನೆ ಬಾವಿಗೆ ಬಂತು ಅಂದ್ರೆ ಅಘನಾಶಿನಿಯ ಉಪ್ಪುನೀರು ನೆಲದಡಿಯಿಂದ ಬಾವಿ ಹತ್ರ ಬಂತು ಅಂತ ಗುಮಾನಿ ಪಡಬೇಕು. ವಾಸನೆಯೊಂದನ್ನೇ ನಂಬಬೇಡಿ, ಬಾವಿಗೆ ಕಸ ಬಿದ್ದು ಕೊಳೆತರೂ ನಾತ ಬರ್ತದೆ. ಮೀಟರು ಅದ್ದಿ ನೋಡಿ.

ಕೆಂಪು ಲೋಳೆಯದ್ದೂ ಅಷ್ಟೆ. ನಮ್ಮದು ಚಿರೇಕಲ್ಲಿನ ನೆಲ, ಬೇಕಾದಷ್ಟು ಕಬ್ಬಿಣ ಇದೆ. ಅಡಿಯಲ್ಲಿ ಕರಗಿದ ಕಬ್ಬಿಣ ಗಾಳಿ ತಾಗುವಲ್ಲಿ ಬಂದಾಗ ಇನ್ನೊಂದು ಜಾತಿ ಬ್ಯಾಕ್ಟೀರಿಯಾ ಅದನ್ನು ತುಕ್ಕು ಮಾಡಿ ಲೋಳೆ ಕಟ್ತದೆ. ನೀರ ಮೇಲೆ ಎಣ್ಣೆ ತೇಲಿದ ಹಾಗೆ ಕಾಣ್ತದಲ್ಲ, ಕೋಲಿನಿಂದ ಮುಟ್ಟಿ. ಒಡೆದ ಗಾಜಿನ ಹಾಗೆ ಚೂರಾದ್ರೆ ಅದು ಇವುಗಳ ಕೆಲಸ. ಡೀಸೆಲ್ ಆದ್ರೆ ಮತ್ತೆ ಕೂಡಿಕೊಳ್ತದೆ.

ಸಿಹಿನೀರು ಉಪ್ಪುನೀರು ನೆಲದಡಿ ಸೇರುವ ಈ ಜಾಗಕ್ಕೆ ಅಮೆರಿಕದ ವಿಲ್ಲರ್ಡ್ ಮೂರ್ ಎಂಬ ವಿಜ್ಞಾನಿ 1999ರಲ್ಲಿ ನೆಲದಡಿಯ ಅಳಿವೆ ಅಂತ ಹೆಸರು ಕೊಟ್ಟರು. ಮಗಳು ಓದುವಾಗ ತಂದ ಪುಸ್ತಕದಲ್ಲಿತ್ತು, ನನಗೆ ಬಹಳ ಹಿಡಿಸಿತು. ಮೇಲಿನ ಅಳಿವೆಯಲ್ಲಿ ಬಳಚು, ಮೀನು ಇದ್ದ ಹಾಗೆ ಅಡಿಯ ಅಳಿವೆಯಲ್ಲಿ ಇವು. ನಾವು ಲೆಕ್ಕ ಇಲ್ಲದೆ ಚೆಲ್ಲಿದ ಯೂರಿಯಾ ನೈಟ್ರೇಟ್ ಆಗಿ ಇಂಗಿದಾಗ, ಅದರಲ್ಲಿ ಒಂದಿಷ್ಟನ್ನು ಬರೀ ಗಾಳಿ ಮಾಡಿ ಬಿಡುವ ಜಾತಿಯೂ ಅಲ್ಲಿದೆ. ಹೊಳೆಗೆ ಸೇರುವ ಮೊದಲೇ ತೊಳೆಯುವ ಬಿಟ್ಟಿ ಆಳು! ಅವರನ್ನು ಕೊಲ್ಲಲಿಕ್ಕೆ ನಾವು ಚಂದಾ ಎತ್ತುವುದು. ಅದೂ ಸಾಯುವುದು ಬಾವಿಯೊಳಗಿನವು ಮಾತ್ರ. ಸುತ್ತಲಿನ ಮರಳು, ಕೆಸರಿನಲ್ಲಿರುವವು ಹಾಗೇ ಇರ್ತವೆ, ವಾರದಲ್ಲಿ ವಾಪಸು. ಉಪ್ಪಂತೂ ಒಂದು ಹರಳೂ ಕಮ್ಮಿ ಆಗುವುದಿಲ್ಲ.

ಒಂದು ಮಾತು ತಪ್ಪು ತಿಳಿಯಬೇಡಿ. ನೆರೆ ನೀರು ನುಗ್ಗಿದ ಕುಡಿಯುವ ಬಾವಿಗೆ, ಹೊಲಸು ಸೇರಿದ ಬಾವಿಗೆ ಬ್ಲೀಚಿಂಗ್ ಬೇಕೇ ಬೇಕು. ಅದು ರೋಗದ ಕ್ರಿಮಿಯ ಮಾತು, ಬೇರೆ. ಮತ್ತೆ, ನಾತ ಬರುವ ಬಾವಿಗೆ ಲೋಳೆ ಕೆರೆಯಲಿಕ್ಕೆ ಯಾರನ್ನೂ ಇಳಿಸಬೇಡಿ ಮಾರಾಯ್ರೇ. ಆ ಗಾಳಿ ವಿಷ, ಭಾರ, ತಳದಲ್ಲೇ ಕೂರ್ತದೆ. ಜೋರಾದ್ರೆ ಮೂಗಿಗೆ ವಾಸನೆಯೇ ಗೊತ್ತಾಗುವುದಿಲ್ಲ.

ಹಾಗಾದ್ರೆ ಎಂತ ಮಾಡುವುದು? ಸಿಹಿನೀರು ಹಗುರ, ಉಪ್ಪುನೀರಿನ ಮೇಲೆ ತೇಲ್ತದೆ. ಸಮುದ್ರದ ಮಟ್ಟಕ್ಕಿಂತ ಒಂದು ಅಡಿ ಸಿಹಿನೀರು ಮೇಲೆ ನಿಂತಿದ್ರೆ ಕೆಳಗೆ ಸುಮಾರು 40 ಅಡಿ ಸಿಹಿನೀರು ಇರ್ತದೆ ಅಂತ ಹಳೇ ಲೆಕ್ಕ. ಇದನ್ನು ತಿರುಗಿಸಿ ಓದಿ: ಮೇಲೆ ಒಂದು ಅಡಿ ಇಳಿಸಿದ್ರೆ ಅಡಿಯಿಂದ ಉಪ್ಪುನೀರು 40 ಅಡಿ ಏರಲಿಕ್ಕೆ ಹೊರಡ್ತದೆ. ಬೋರು ಹೊಡೆಸ್ತೇನೆ ಅನ್ನುವವರು ಅದರ ಬಾಯಿಗೇ ಪೈಪು ಇಳಿಸಿದ ಹಾಗೆ. ನಾನು ಒಂದು ಎಚ್‌ಪಿಗೆ ವಾಪಸು ಬಂದೆ. ಬೆಳಿಗ್ಗೆ ಮುಕ್ಕಾಲು ತಾಸು, ಸಂಜೆ ಮುಕ್ಕಾಲು ತಾಸು, ಫುಟ್‌ವಾಲ್ವ್ ತಳದಿಂದ ಎತ್ತಿ ಕಟ್ಟಿದೆ. ನೀರುಳ್ಳಿಯೂ ಅರ್ಧಕ್ಕರ್ಧ ಕಮ್ಮಿ ಮಾಡಿದೆ, ಅದು ಸಂಕಟವೇ. ಹೋದ ವರ್ಷ ಅದೇ ಫೆಬ್ರುವರಿಗೆ 700 ದಾಟಲಿಲ್ಲ.

ಆದ್ರೆ ನಾನೊಬ್ಬ ಮಾಡಿ ಸಾಲದು, ಪಕ್ಕದ ನಾಲ್ಕು ಪಂಪು ಎಳೆದ್ರೆ ನನ್ನ ಬಾವಿಗೂ ಅದೇ ಗತಿ. ಜಂತ್ರಡಿಯ ಹಲಗೆ ಕೊಳೆತು ಪ್ರತಿ ಭರತಕ್ಕೂ ಹೊಳೆ ನೀರು ಗಜನಿಗೆ ನುಗ್ತದೆ. ಕಗ್ಗ ಬಿತ್ತುವುದು ಬಿಟ್ಟು ಸಿಗಡಿಗೆ ಅಂತ ಉಪ್ಪುನೀರು ನಿಲ್ಲಿಸಿಕೊಂಡವರೂ ನಾವೇ, ಪೇಟೆಯವರಲ್ಲ.

ನನ್ನ ಐನೂರು ತಯಾರಿದೆ, ಹಲಗೆಗಾದ್ರೆ ಸಾವಿರ ಕೊಡ್ತೇನೆ. ಅಳತೆ ತೆಗೆದಿಟ್ಟಿದ್ದೇನೆ, ಬಡಗಿಯ ಹತ್ರ ಮಾತಾಡಿಯೂ ಆಗಿದೆ. ಭಾನುವಾರ ಇಳಿತದ ಹೊತ್ತಿಗೆ ಜಂತ್ರಡಿ ಹತ್ರ ಬನ್ನಿ. ಬರುವಾಗ ನಿಮ್ಮ ಬಾವಿಯ ನೀರು ಒಂದು ಬಾಟಲಿ ತನ್ನಿ, ಮೀಟರು ನಾನು ತರ್ತೇನೆ.