ಸ್ಪ್ರಿಂಗ್ ಹಾಕಿದರೆ ಮುಗೀತೇ ಸ್ವಾಮಿ?

ಎಕ್ಸಿಲೇಟರ್ ಹಿಡ್ಕೊಳ್ತಾ ಇದೆ ಅಂತ ಒಂದು ಹಳೇ ಪಿಕಪ್ ಗಾಡಿಯನ್ನು ಪುಣೆಯ ಯಾವುದಾದರೂ ರಸ್ತೆ ಬದಿಯ ಗ್ಯಾರೇಜಿಗೆ ತಗೊಂಡು ಹೋಗಿ ನೋಡಿ. ಬಹುತೇಕ ಎಲ್ಲ ಕಡೆ ಒಂದೇ ಔಷಧಿ. ಬಾನೆಟ್ ಎತ್ತುತ್ತಾರೆ, ತುಕ್ಕು ಹಿಡಿದ ಡಬ್ಬಿಯಿಂದ ಒಂದು ಸ್ಪ್ರಿಂಗ್ ಹೆಕ್ಕಿ ತೆಗೆಯುತ್ತಾರೆ. ಅದರ ಒಂದು ಕೊಕ್ಕೆ ಲಿವರಿಗೆ, ಇನ್ನೊಂದು ಕೊಕ್ಕೆ ಕೈಗೆ ಸಿಕ್ಕ ಯಾವುದೋ ಬ್ರಾಕೆಟ್ಟಿಗೆ. ಮೇಲೆ ನಾಲ್ಕು ಹನಿ ಹಳೇ ಇಂಜಿನ್ ಆಯಿಲ್. "ಝಾಲ ಕಾಮ್, ಚಲಾ!" ಅಷ್ಟೇ. ಮಾಲೀಕನಿಗೆ ಖುಷಿ, ಮೆಕ್ಯಾನಿಕ್‌ಗೆ ಚಹಾದ ಕಾಸು, ಡ್ರೈವರ್ ಮತ್ತೆ ಸ್ಟೇರಿಂಗ್ ಹಿಂದೆ.

ಇದನ್ನು ನಾವು 'ಜುಗಾಡ್' ಅಂತ ಕರೆದು ಬೆನ್ನು ತಟ್ಟಿಕೊಳ್ಳುತ್ತೇವೆ. ಭಾರತೀಯರ ಬುದ್ಧಿವಂತಿಕೆ ಅಂತ ಭಾಷಣ ಬೇರೆ! ನನ್ನ ಪ್ರಕಾರ ಇದು ಬುದ್ಧಿವಂತಿಕೆಯಲ್ಲ, ಕೆಲವು ನೂರು ರೂಪಾಯಿಯ ಕೇಬಲ್ ಉಳಿಸಲು ಇನ್ನೊಬ್ಬನ ಮಗನನ್ನು ಪಣಕ್ಕಿಡುವ ಕೆಲಸ. ಮಾತು ಖಾರವಾಯಿತು ಅನ್ನಿಸಿದರೆ ಅನ್ನಿಸಲಿ. 1989ರಲ್ಲಿ ಪುಣೆಗೆ ಬಂದವನು ನಾನು. ಭೋಸರಿಯ ಎಂಐಡಿಸಿಯಲ್ಲಿ ಮೇಂಟೆನೆನ್ಸ್ ವಿಭಾಗದಲ್ಲಿ ಸವೆದವನು. ಹಿಡಿದುಕೊಳ್ಳುವ ಲಿವರು, ಎಳೆ ಬಿಟ್ಟ ವೈರು, ಕುಂಟು ಸ್ಪ್ರಿಂಗು ಇವುಗಳ ಜೊತೆಯೇ ಸಂಸಾರ ಮಾಡಿದ್ದೇನೆ, ಹಾಗಾಗಿ ಇಷ್ಟು ಮಾತಾಡುವ ಹಕ್ಕು ಇದೆ ಅಂದುಕೊಂಡಿದ್ದೇನೆ.

ನಮ್ಮ ಓಣಿಯಲ್ಲಿ ಒಬ್ಬ ಹುಡುಗ ಇದ್ದಾನೆ, ಇಂಡಿ ತಾಲ್ಲೂಕಿನವನು. ಒಬ್ಬ ಸೇಠ್‌ ಹತ್ತಿರ ಪಿಕಪ್ ಓಡಿಸುತ್ತಾನೆ. ನಾರಾಯಣಗಾಂವದಿಂದ ಟೊಮೆಟೊ ತುಂಬಿಕೊಂಡು ಬೆಳಗಿನ ಜಾವ ಮಾರ್ಕೆಟ್ ಯಾರ್ಡಿಗೆ ಬರುವುದು ಅವನ ಪಾಳಿ. ಕನ್ನಡದವ ಅಂತ ಭಾನುವಾರ ನಮ್ಮನೆ ಕಡೆ ಬರುತ್ತಾನೆ, ಜೋಳದ ರೊಟ್ಟಿ ತಿಂದು ಹೋಗುತ್ತಾನೆ. ಹೋದ ಮಳೆಗಾಲದಲ್ಲಿ ಒಂದು ದಿನ ಬಂದವನು ಕೂತಲ್ಲೇ ಕೂರಲಿಲ್ಲ. "ಕಾಕಾ, ಚಾಕಣ ದಾಟಿಂದ ಕಾಲ ತಗದ್ರೂ ಗಾಡಿ ಓಡಾಕತ್ತಿತ್ರೀ. ರೇಸ ಹಂಗ ಏರ್ಕೋತ ಹೊಂಟಿತ್ತು. ಮುಂದ ಶಾಲಿ ಹುಡುಗ್ರ ರಿಕ್ಷಾ ಇತ್ತು..." ಅಂದ. ಕ್ಲಚ್ ತುಳಿದು ನ್ಯೂಟ್ರಲ್‌ಗೆ ಹಾಕಿ ಹೇಗೋ ಬದಿಗೆ ತಂದು ನಿಲ್ಲಿಸಿದ್ದಾನೆ ಪುಣ್ಯಾತ್ಮ. ಸೇಠ್‌ಗೆ ಫೋನ್ ಮಾಡಿದರೆ ಬಂದ ಉತ್ತರ: "ಇನ್ನೊಂದು ಸ್ಪ್ರಿಂಗ್ ಹಾಕಿಸು." 'ಇನ್ನೊಂದು' ಅನ್ನುವ ಪದವನ್ನು ಗಮನಿಸಿ. ಒಂದು ಆಗಲೇ ಹಾಕಿಸಿ ಆಗಿತ್ತು!

ಗಾಡಿ ನಮ್ಮ ಓಣಿಯಲ್ಲೇ ನಿಂತಿತ್ತು. ಬಾನೆಟ್ ಎತ್ತಿಸಿ, ಲಿವರಿನ ಕಡೆ ಕೇಬಲ್ ಕಳಚಿ, ಒಳಗಿನ ವೈರನ್ನು ಕೈಯಲ್ಲಿ ಎಳೆದು ನೋಡಿದೆ. ಅರ್ಧಕ್ಕೆ ಬಂದು ಕರಕರ ಅಂತು, ಆಮೇಲೆ ನಿಂತೇ ಹೋಯಿತು. ಪೆಡಲ್ ಕಡೆ ತುದಿಯಲ್ಲಿ ಮೂರು ಎಳೆ ಹರಿದು ಹೊರಗೆ ಚಾಚಿದ್ದವು. ಕೇಬಲ್ ಅಂದರೆ ಒಂದೇ ತಂತಿ ಅಲ್ಲ, ಸಣ್ಣ ಸಣ್ಣ ಉಕ್ಕಿನ ಎಳೆಗಳನ್ನು ಹೆಣೆದ ಹಗ್ಗ. ಒಂದು ಎಳೆ ಹರಿದರೆ ಅದು ಮೀನಿನ ಗಾಳದ ಮುಳ್ಳಿನ ಹಾಗೆ ಎದ್ದು ನಿಲ್ಲುತ್ತದೆ. ಪೆಡಲ್ ಒತ್ತಿದಾಗ ಸರಾಗವಾಗಿ ಬರುತ್ತದೆ, ಬಿಟ್ಟಾಗ ಹೊರಗವಚದ ಬಾಯಿಗೆ ಸಿಕ್ಕಿಕೊಳ್ಳುತ್ತದೆ. ಈಗ ಹೇಳಿ, ಇದಕ್ಕೆ ಸ್ಪ್ರಿಂಗ್ ಏನು ಮಾಡೀತು? ಜೋರಾಗಿ ಎಳೆದಷ್ಟೂ ಮುಳ್ಳು ಇನ್ನಷ್ಟು ಆಳಕ್ಕೆ ಚುಚ್ಚಿಕೊಳ್ಳುತ್ತದೆ.

ಅದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಗಟ್ಟಿ ಸ್ಪ್ರಿಂಗ್ ಹಾಕಿದ ಮೇಲೆ ಕೆಲವು ದಿನ ಎಲ್ಲ ಸರಿ ಇದ್ದ ಹಾಗೆ ಕಾಣುತ್ತದೆ. ತುಕ್ಕು, ಧೂಳು, ಸವೆದ ಒಳಪದರ ಇವುಗಳ ತಡೆಯನ್ನು ಸ್ಪ್ರಿಂಗು ಬಲದಿಂದ ಮೀರುತ್ತಿರುತ್ತದೆ. ಆದರೆ ಆ ಸ್ಪ್ರಿಂಗಿನ ವಿರುದ್ಧ ಡ್ರೈವರ್ ಪ್ರತಿ ಸಲವೂ ಹೆಚ್ಚು ಒತ್ತಬೇಕು. ಆ ಎಳೆತವೆಲ್ಲ ಬೀಳುವುದು ಅದೇ ಬಡಪಾಯಿ ವೈರಿನ ಮೇಲೆ. ಅಂದರೆ ರೋಗದ ಲಕ್ಷಣ ಮರೆಯಾಯಿತು, ರೋಗದ ವೇಗ ಹೆಚ್ಚಾಯಿತು. ಜ್ವರಕ್ಕೆ ಮಾತ್ರೆ ನುಂಗಿ ಗದ್ದೆಗೆ ಹೋದ ಹಾಗೆ.

"ಹಾಗಾದರೆ ಸ್ಪ್ರಿಂಗ್ ಹಾಕಲೇಬಾರದೇ?" ಅಂತ ಕೇಳಬಹುದು. ಹಾಗಲ್ಲ ಮಾರಾಯ್ರೇ. ಮೂಲ ಸ್ಪ್ರಿಂಗ್ ಸಡಿಲವಾಗಿದ್ದರೆ, ಮುರಿದಿದ್ದರೆ, ಆ ಗಾಡಿಗೆ ಅಂತಲೇ ಇರುವ ಹೊಸ ಸ್ಪ್ರಿಂಗ್ ಹಾಕುವುದು ಸರಿಯಾದ ರಿಪೇರಿ. ಅಮೆರಿಕದಲ್ಲಿ 1973ರಿಂದ ಜಾರಿಯಲ್ಲಿರುವ ಸುರಕ್ಷತಾ ನಿಯಮವೊಂದಿದೆ, ಅದರ ಸಂಖ್ಯೆ 124. ಡ್ರೈವರ್ ಕಾಲು ತೆಗೆದ ಕೂಡಲೇ ಥ್ರಾಟಲ್ ತಾನಾಗಿ ಐಡಲ್‌ಗೆ ಮರಳಬೇಕು, ಹಾಗೆ ಮರಳಿಸಲು ಕನಿಷ್ಠ ಎರಡು ಬೇರೆ ಬೇರೆ ಶಕ್ತಿಮೂಲ ಇರಬೇಕು, ಒಂದು ಕೈಕೊಟ್ಟರೂ ಇನ್ನೊಂದು ಕೆಲಸ ಮಾಡಬೇಕು ಅನ್ನುತ್ತದೆ ಆ ನಿಯಮ. ಸಣ್ಣ ವಾಹನಗಳಿಗೆ ಮಾಮೂಲಿ ಹವೆಯಲ್ಲಿ ಕೊಟ್ಟಿರುವ ಸಮಯ ಬರೀ 1 ಸೆಕೆಂಡ್. ಅಲ್ಲಿ ಎರಡನೇ ಸ್ಪ್ರಿಂಗ್ ಇರುವುದು ಮೊದಲನೆಯದು ಸತ್ತರೆ ಅಂತ. ನಮ್ಮಲ್ಲಿ ಎರಡನೇ ಸ್ಪ್ರಿಂಗ್ ಹಾಕುವುದು ಕೇಬಲ್ ಸತ್ತಿದ್ದನ್ನು ಮುಚ್ಚಿಡಲು. ಹೆಸರು ಒಂದೇ, ಕೆಲಸ ತದ್ವಿರುದ್ಧ.

ಅಸಲು ಪ್ರಶ್ನೆ ಎಲ್ಲಿ ಹಿಡಿಯುತ್ತಿದೆ ಅನ್ನುವುದು. ಅದನ್ನು ಕಂಡುಹಿಡಿಯಲು ಕಂಪ್ಯೂಟರ್ ಬೇಡ, ಕೇಬಲ್ ಇರುವ ಗಾಡಿಯಲ್ಲಿ ಹತ್ತು ನಿಮಿಷದ ಕೆಲಸ. ಇಂಜಿನ್ ಆಫ್ ಇರಬೇಕು. ಮೊದಲು ಕಾಲಡಿಯ ಮ್ಯಾಟ್ ನೋಡಿ. ಸಂತೆಯಲ್ಲಿ ಕೊಂಡ ದಪ್ಪ ರಬ್ಬರ್ ಮ್ಯಾಟು ಮುಂದಕ್ಕೆ ಜಾರಿ ಪೆಡಲನ್ನು ಹಿಡಿದಿಟ್ಟುಕೊಂಡಿರುವುದು ಎಷ್ಟೋ ಸಲ ಇರುತ್ತದೆ. ಆಮೇಲೆ ಕೇಬಲ್ ಕಳಚಿ ಲಿವರನ್ನು ಬರಿಗೈಯಲ್ಲಿ ತಿರುಗಿಸಿ ಬಿಡಿ. ಟಪ್ ಅಂತ ವಾಪಸ್ ಬರದಿದ್ದರೆ ತೊಂದರೆ ಅಲ್ಲಿ. ಪೆಟ್ರೋಲ್, ಸಿಎನ್‌ಜಿ ಗಾಡಿಯಾದರೆ ಥ್ರಾಟಲ್ ಬಾಡಿಯ ಒಳಗೆ ತಟ್ಟೆಯ ಅಂಚಿಗೆ ಮಸಿ ಕಟ್ಟಿರುತ್ತದೆ, ತೊಳೆದರೆ ಹೋಗುತ್ತದೆ. ಹಳೇ ಡೀಸೆಲ್ ಆದರೆ ಫ್ಯುಯೆಲ್ ಪಂಪಿನ ಲಿವರ್, ಅದು ಪಂಪ್ ರಿಪೇರಿ ಬಲ್ಲವನ ಕೆಲಸ. ಲಿವರ್ ಸರಿ ಇದ್ದರೆ ಕೇಬಲ್ ಎಳೆದು ನೋಡಿ. ಅದೂ ಸರಿ ಇದ್ದರೆ ಪೆಡಲಿನ ಪಿನ್ನು, ಬುಷ್ಷು. ಮಳೆಗಾಲದಲ್ಲಿ ಕೆಸರು ಕಾಲಿನ ನೀರೆಲ್ಲ ಅಲ್ಲಿಗೇ ಹೋಗುತ್ತದಲ್ಲ, ತುಕ್ಕು ಹಿಡಿದಿರುತ್ತದೆ.

ಬೆಳಿಗ್ಗೆ ಸರಿ ಇದ್ದು ಗಾಡಿ ಬಿಸಿಯಾದ ಮೇಲೆ ಮಾತ್ರ ಹಿಡಿದರೆ ಕೇಬಲ್ಲು ಸೈಲೆನ್ಸರ್ ಪೈಪಿಗೆ ತಾಗಿಕೊಂಡು ಹೋಗಿದೆಯೇ ನೋಡಿ. ಭಾರ ಎಳೆಯುವಾಗ ಮಾತ್ರ ರೇಸ್ ತಾನಾಗಿ ಏರಿದರೆ ಇಂಜಿನ್ ಮೌಂಟಿಂಗ್ ನೋಡಿ. ರಬ್ಬರ್ ಹರಿದ ಇಂಜಿನ್ ಮಿಸುಕಾಡಿ ತಾನೇ ಕೇಬಲ್ ಎಳೆದುಕೊಳ್ಳುತ್ತದೆ. ಇದನ್ನೆಲ್ಲ ನೋಡದೆ ಸ್ಪ್ರಿಂಗ್ ಡಬ್ಬಿಗೆ ಕೈ ಹಾಕುವವನನ್ನು ಮೆಕ್ಯಾನಿಕ್ ಅನ್ನಲು ನಾನು ತಯಾರಿಲ್ಲ. ಕೇಬಲ್ಲಿಗೆ ಎಣ್ಣೆ ಹನಿಸುವುದೂ ಅಷ್ಟೇ. ಒಳಗೆ ನೈಲಾನ್ ಪದರ ಇರುವ ಕೇಬಲ್ಲಿಗೆ ಎಣ್ಣೆ ಬೇಕಿಲ್ಲ, ಹಾಕಿದರೆ ಧೂಳು ಅಂಟಿ ಅರೆಯುವ ಹಿಟ್ಟಾಗುತ್ತದೆ.

ಇಷ್ಟು ಹೇಳಿದ್ದಕ್ಕೆ ಆ ಸೇಠ್ ನನಗೇ ಹೇಳಿದ, "ಮೂವತ್ತು ವರ್ಷದಿಂದ ಹೀಗೇ ಓಡಿಸ್ತಿದೀವಿ, ಕಾಯ್ ನಾಯ್ ಹೋತ್." ಏನೂ ಆಗಲ್ಲ. ಯಾರಿಗೆ ಏನೂ ಆಗಲ್ಲ? ಗಾಡಿ ಗುದ್ದಿದರೆ ಪೊಲೀಸರು ಹಿಡಿದುಕೊಂಡು ಹೋಗುವುದು ಡ್ರೈವರನ್ನು. ಮೊದಲಿದ್ದ ಐಪಿಸಿ 304ಎ ಪ್ರಕಾರ ನಿರ್ಲಕ್ಷ್ಯದಿಂದ ಸಾವಾದರೆ ಗರಿಷ್ಠ 2 ವರ್ಷ ಜೈಲಿತ್ತು. 2024ರ ಜುಲೈ 1ರಿಂದ ಬಂದಿರುವ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಮಿನಲ್ಲಿ ಅದು 5 ವರ್ಷಕ್ಕೆ ಏರಿದೆ. ಡ್ರೈವರನ ಶಿಕ್ಷೆ ಎರಡೂವರೆ ಪಟ್ಟಾಯಿತು, ಸ್ಪ್ರಿಂಗ್ ಮಾತ್ರ ಹಳೇದೇ. "ಎಕ್ಸಿಲೇಟರ್ ಹಿಡಿದುಕೊಂಡಿತು ಸಾಹೇಬರೇ" ಅಂತ ಇಂಡಿಯ ಹುಡುಗ ಹರಕು ಮರಾಠಿಯಲ್ಲಿ ಹೇಳಿದರೆ ಯಾರು ನಂಬುತ್ತಾರೆ? ಕುಡಿದಿದ್ದ, ನಿದ್ದೆ ಮಾಡಿದ್ದ, ಸ್ಪೀಡಾಗಿ ಬಂದ. ಮೂರರಲ್ಲಿ ಒಂದು ಬರೆದುಕೊಂಡರೆ ಕಾಗದ ಭರ್ತಿ. ಗ್ಯಾರೇಜಿನವನು ಬಿಲ್ಲೇ ಕೊಟ್ಟಿರುವುದಿಲ್ಲ, ಹಾಗಾಗಿ ಸೇಠ್‌ಗೆ ವಿಷಯ ಗೊತ್ತಿತ್ತು ಅನ್ನುವುದಕ್ಕೆ ಒಂದು ಚೀಟಿಯ ಸಾಕ್ಷಿಯೂ ಇಲ್ಲ.

ಪೆಡಲ್ ಅಂಟಿಕೊಂಡಿತು ಅನ್ನುವುದು ಡ್ರೈವರನ ಕಟ್ಟುಕಥೆ ಅನ್ನುವವರು ಟೊಯೋಟಾದ ಕಥೆ ನೆನಪಿಸಿಕೊಳ್ಳಲಿ. 2009-10ರಲ್ಲಿ ಆ ಕಂಪನಿ ಅಮೆರಿಕದಲ್ಲಿ ಲಕ್ಷಗಟ್ಟಲೆ ಗಾಡಿ ವಾಪಸ್ ಕರೆಸಬೇಕಾಯಿತು. ಟಂಡ್ರಾ, ಟಕೋಮಾ ಎಂಬ ಪಿಕಪ್‌ಗಳೂ ಅದರಲ್ಲಿದ್ದವು. ಕೆಲವದರಲ್ಲಿ ಮ್ಯಾಟು ಪೆಡಲನ್ನು ಹಿಡಿದಿಡುತ್ತಿತ್ತು, ಕೆಲವದರಲ್ಲಿ ಪೆಡಲಿನೊಳಗಿನ ಉಜ್ಜುವ ಭಾಗ ಸವೆದು, ತೇವ ಹಿಡಿದು ಅಂಟುತ್ತಿತ್ತು. ಎಲೆಕ್ಟ್ರಾನಿಕ್ಸ್ ದೋಷವೇ ಅಂತ ನಾಸಾದವರನ್ನೂ ಕರೆಸಿ ಹುಡುಕಿಸಿದರು. 2011ರ ವರದಿಯಲ್ಲಿ ಅಂಥದ್ದೇನೂ ಸಿಗಲಿಲ್ಲ, ಉಳಿದದ್ದು ಮ್ಯಾಟು ಮತ್ತು ಪೆಡಲೇ. ಅಂಟುವ ಪೆಡಲಿಗೆ ಮಾಡಿದ ರಿಪೇರಿ ಏನು ಗೊತ್ತೇ? ಒಂದು ಚಿಕ್ಕ ಉಕ್ಕಿನ ಪಟ್ಟಿ. ವಿಷಯ ಗೊತ್ತಿದ್ದೂ ಗ್ರಾಹಕರಿಗೆ ಸರಿಯಾಗಿ ಹೇಳಲಿಲ್ಲ ಅನ್ನುವ ಕಾರಣಕ್ಕೆ 2014ರಲ್ಲಿ ಕಂಪನಿ ಅಲ್ಲಿನ ಸರ್ಕಾರಕ್ಕೆ 120 ಕೋಟಿ ಡಾಲರ್ ಕಟ್ಟಲು ಒಪ್ಪಿತು. ಪೆಡಲ್ ಅಂಟಿದ್ದಕ್ಕಿಂತ ಸುಮ್ಮನಿದ್ದದ್ದು ದುಬಾರಿಯಾಯಿತು ನೋಡಿ.

ನಮ್ಮಲ್ಲೂ ಕಾನೂನು ಬಂದಿದೆ, ಇಲ್ಲ ಅನ್ನುವುದಿಲ್ಲ. 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೆ 110ಎ ಕಲಮು ಸೇರಿತು, ದೋಷವಿರುವ ಗಾಡಿಗಳನ್ನು ವಾಪಸ್ ಕರೆಸು ಅಂತ ಸರ್ಕಾರ ಕಂಪನಿಗೆ ಹೇಳಬಹುದು. ಆದರೆ 2021ರ ಏಪ್ರಿಲ್‌ನಿಂದ ಜಾರಿಗೆ ಬಂದ ನಿಯಮ ಅನ್ವಯಿಸುವುದು 7 ವರ್ಷ ದಾಟದ ಗಾಡಿಗೆ. ಟೊಮೆಟೊ ಹೊರುವ ಪಿಕಪ್ಪುಗಳಲ್ಲಿ ಕೇಬಲ್ ಸವೆಯುವುದು ಅದರ ಆಚೆಗೇ. ಅಲ್ಲಿ ಉಳಿಯುವುದು ಫಿಟ್‌ನೆಸ್ ಒಂದೇ, ಇಲ್ಲಿನವರ ಬಾಯಲ್ಲಿ 'ಪಾಸಿಂಗ್'. 8 ವರ್ಷದ ತನಕ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ. ನಾನು ಎಷ್ಟೋ ಪಾಸಿಂಗ್ ನೋಡಿದ್ದೇನೆ. ರಿಫ್ಲೆಕ್ಟರ್ ಪಟ್ಟಿ ಅಂಟಿಸಿದೆಯೇ, ನಂಬರ್ ಪ್ಲೇಟ್ ಸರಿ ಇದೆಯೇ ಎಲ್ಲ ಕೇಳುತ್ತಾರೆ. ಬಾನೆಟ್ ಎತ್ತಿ ಎಕ್ಸಿಲೇಟರ್ ಕೇಬಲ್ ಎಳೆದು ನೋಡಿದವರನ್ನು ಒಬ್ಬರನ್ನೂ ಕಂಡಿಲ್ಲ.

ಡ್ರೈವಿಂಗ್ ಸ್ಕೂಲುಗಳದ್ದು ಇನ್ನೊಂದು ಕಥೆ. ಎಂಟು ಹಾಕಿಸುತ್ತಾರೆ, ರಿವರ್ಸ್ ಹೊಡೆಸುತ್ತಾರೆ. ಎಕ್ಸಿಲೇಟರ್ ಹಿಡಿದುಕೊಂಡರೆ ಏನು ಮಾಡಬೇಕು ಅಂತ ಎರಡು ನಿಮಿಷ ಹೇಳಿಕೊಟ್ಟವರುಂಟೇ? ಗಾಬರಿಯಲ್ಲಿ ಮನುಷ್ಯ ಮೊದಲು ಕೈ ಹಾಕುವುದು ಕೀಗೆ. ಪೂರ್ತಿ ತಿರುಗಿಸಿ ಎಳೆದರೆ ಸ್ಟೇರಿಂಗ್ ಲಾಕ್! ಮಾಡಬೇಕಾದ್ದು ಇಷ್ಟು: ಕ್ಲಚ್ ಒತ್ತಿ ನ್ಯೂಟ್ರಲ್‌ಗೆ ತನ್ನಿ. ಇಂಜಿನ್ ಕಿರುಚಿಕೊಳ್ಳಲಿ, ಕಿರುಚಿದರೆ ಇಂಜಿನ್ ಹಾಳಾದೀತು, ಜೀವ ಉಳಿಯುತ್ತದೆ. ಬ್ರೇಕನ್ನು ಒಂದೇ ಸಲ ಗಟ್ಟಿಯಾಗಿ ಒತ್ತಿ ಹಿಡಿಯಿರಿ, ಪಂಪ್ ಮಾಡಬೇಡಿ. ಪೆಟ್ರೋಲ್ ಗಾಡಿಯಲ್ಲಿ ಥ್ರಾಟಲ್ ಪೂರ್ತಿ ತೆರೆದಿರುವಾಗ ಬ್ರೇಕಿಗೆ ಬಲ ಕೊಡುವ ವ್ಯಾಕ್ಯೂಮ್ ಹೊಸದಾಗಿ ಹುಟ್ಟುವುದಿಲ್ಲ, ಎರಡು ಮೂರು ಸಲ ಒತ್ತಿದರೆ ಇದ್ದದ್ದೂ ಖಾಲಿ. ಬದಿಗೆ ಬಂದು ನಿಂತ ಮೇಲೆ ಕೀ ಆಫ್.

ಇದನ್ನು ಓದಿ ಯಾರೂ ಘಾಟಿನಲ್ಲಿ ನ್ಯೂಟ್ರಲ್ ಹಾಕಬೇಡಿ ಮತ್ತೆ! 2022ರ ನವೆಂಬರ್ 20ರಂದು ನಮ್ಮ ನವಲೆ ಸೇತುವೆ ಹತ್ತಿರ ಒಂದು ಟ್ಯಾಂಕರ್ ಹತ್ತಾರು ಗಾಡಿಗಳಿಗೆ ಗುದ್ದಿತ್ತಲ್ಲ, ಮೊದಲು ಎಲ್ಲರೂ ಬ್ರೇಕ್ ಫೇಲ್ ಅಂದರು. ಇಳಿಜಾರಿನಲ್ಲಿ ಇಂಜಿನ್ ಆಫ್ ಮಾಡಿ ಬಿಟ್ಟಿದ್ದ ಅಂತ ಆಮೇಲೆ ಪೊಲೀಸರು ಹೇಳಿದರು. ಡೀಸೆಲ್ ಉಳಿಸಲು ಇಳಿಜಾರಿನಲ್ಲಿ ನ್ಯೂಟ್ರಲ್ ಹಾಕುವುದು ಬೇರೆ, ಹುಚ್ಚೆದ್ದ ಇಂಜಿನ್ನನ್ನು ಚಕ್ರದಿಂದ ಬಿಡಿಸಲು ನ್ಯೂಟ್ರಲ್ ಹಾಕುವುದು ಬೇರೆ. ಎಲ್ಲಕ್ಕೂ 'ಬ್ರೇಕ್ ಫೇಲ್' ಅನ್ನುವ ಒಂದೇ ಹಣೆಪಟ್ಟಿ ಅಂಟಿಸಿದರೆ ನಿಜವಾದ ಕಾರಣ ಹುಡುಕುವ ಕೆಲಸವೇ ಇಲ್ಲ.

ಹೊಸ ಗಾಡಿಗಳಲ್ಲಿ ಕೇಬಲ್ಲೇ ಇಲ್ಲ, ಪೆಡಲಿನಲ್ಲಿ ಸೆನ್ಸರ್ ಇದೆ, ಇನ್ನು ಈ ರಗಳೆ ಯಾಕೆ ಅನ್ನುವವರಿಗೂ ಒಂದು ಮಾತು. ಸೆನ್ಸರ್ ಇದ್ದರೂ ಪಿನ್ನು, ಬುಷ್ಷು, ಮ್ಯಾಟು ಎಲ್ಲ ಇದ್ದೇ ಇವೆ. ಟೊಯೋಟಾದ ಪೆಡಲೂ ಸೆನ್ಸರಿನದ್ದೇ ಆಗಿತ್ತು. ಕೇಬಲ್ ಇರುವ ಹಳೇ ಪಿಕಪ್ಪುಗಳಂತೂ ಭೋಸರಿ, ಚಾಕಣ, ಮಾರ್ಕೆಟ್ ಯಾರ್ಡ್ ತುಂಬ ಇನ್ನೂ ದುಡಿಯುತ್ತಿವೆ.

ಆ ಹುಡುಗನ ಗಾಡಿಗೆ ಹೊಸ ಕೇಬಲ್ ಹಾಕಿಸಲು ಸೇಠ್ ಕೊನೆಗೆ ಒಪ್ಪಿದ್ದು ನನ್ನ ಉಪನ್ಯಾಸ ಕೇಳಿ ಅಲ್ಲ. "ಕೇಬಲ್ ಬದಲಿಸದಿದ್ದರ ನಾ ಚಾವಿ ಮುಟ್ಟಂಗಿಲ್ಲ" ಅಂತ ಹುಡುಗ ಚಾವಿಯನ್ನು ಮೇಜಿನ ಮೇಲಿಟ್ಟು ಬಂದ. ಸೀಸನ್ ದಿನ, ಬೇರೆ ಡ್ರೈವರ್ ಸಿಗಲಿಲ್ಲ. ನಾನು ಹೇಳಿಕೊಟ್ಟ ಪ್ರಕಾರ 'ಎಕ್ಸಿಲೇಟರ್ ಹಿಡಿಯುತ್ತಿತ್ತು, ಕೇಬಲ್ ಬದಲಿಸಲಾಗಿದೆ' ಅಂತ ತಾರೀಖು ಹಾಕಿ ಗ್ಯಾರೇಜಿನವನಿಂದ ಬಿಲ್ ಬರೆಸಿಕೊಂಡು, ಅದರ ಫೋಟೊ ತನ್ನ ಫೋನಿನಲ್ಲಿ ಇಟ್ಟುಕೊಂಡಿದ್ದಾನೆ. ಕೆಲಸ ಮುಗಿಯಲು ಹಿಡಿದದ್ದು ಮುಕ್ಕಾಲು ಗಂಟೆ. ಸೇಠ್‌ನ ಹತ್ತಿರ ಇನ್ನೂ ಎರಡು ಪಿಕಪ್ ಇವೆ, ಅವುಗಳ ಡ್ರೈವರುಗಳು ಯವತಮಾಳದ ಕಡೆಯವರು. ಅವರಿಗಾಗಿ ಇದನ್ನೇ ಮರಾಠಿಯಲ್ಲೂ ಬರೆಯುತ್ತಿದ್ದೇನೆ.